ನಲವತ್ತೆರಡರಲ್ಲಿ ಹದಿನೇಳು ಹೋದರೆ?

ಮೂರನೇ ತರಗತಿಯಲ್ಲಿ ಓದೋ ನಮ್ಮ ಕೊನೆಯ ಮಗಳ ಕಿವಿ ಹಿಂಡಿದೆ. ಹಿಂಡಿದ್ದು ತಪ್ಪು ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ, ಸೋದರಿಯರೇ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಇವಳು ಮೂರನೇ ಸಲವೂ 42ರಲ್ಲಿ 17 ಕಳೆದು 35 ಅಂತ ಬರೆದಿದ್ದಳು. "ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಹತ್ತರ ಮನೆಯಿಂದ ಸಾಲ ತಗೋ ಅಂತ ಎಷ್ಟು ಸಲ ಹೇಳಬೇಕೇ?" ಅಂತ ಕೂಗಾಡಿದೆ.

ಮಾರನೆಯ ಬೆಳಿಗ್ಗೆ ಮಗುವಿಗೆ ಹೊಟ್ಟೆನೋವು. ಹಿಂದಿನ ವಾರ ಲೆಕ್ಕದ ಪರೀಕ್ಷೆಯ ದಿನವೂ ಹೀಗೇ ಆಗಿತ್ತು ಅನ್ನೋದು ಆಗ ಹೊಳೀತು. ಓಮದ ಕಷಾಯಕ್ಕೆ ಹೋಗೋ ನೋವಲ್ಲ ಅದು. ಹೈಸ್ಕೂಲಿನಲ್ಲಿ ನನಗೂ ಬರ್ತಿತ್ತು. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ದಡ ಮುಟ್ಟಿದ್ದೇ ದೊಡ್ಡದು. "ನಮ್ಮ ವಂಶದವರಿಗೇ ಲೆಕ್ಕ ತಲೆಗೆ ಹತ್ತಲ್ಲ" ಅಂತ ಮಕ್ಕಳ ಎದುರಿಗೇ ನಗುತ್ತಾ ಹೇಳೋ ಚಟ ಬೇರೆ ನನಗೆ.

ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು, "35 ಹೇಗೆ ಬಂತು, ನನಗೆ ಹೇಳಿಕೊಡು" ಅಂದೆ.

"ಎರಡರಲ್ಲಿ ಏಳು ಹೋಗಲ್ಲ ಅಂತ ನೀನೇ ಹೇಳಿದೆಯಲ್ಲಮ್ಮ. ಅದಕ್ಕೆ ಏಳರಲ್ಲಿ ಎರಡು ಕಳೆದೆ." ಆಮೇಲೆ ಮೆಲ್ಲಗೆ, "ಸಾಲ ತಗೊಂಡ್ರೆ ವಾಪಸ್ ಕೊಡೋದು ಯಾವಾಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಸಾಲ ತಗೊಂಡೇ ಕಳೆದಿದ್ದೀನಿ, ಯಾಕೆ ಅಂತ ನಾನೇ ಕೇಳಿಕೊಂಡಿರಲಿಲ್ಲ.

ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದ ಮುರಿದು, ಹತ್ತು ಹತ್ತಕ್ಕೆ ದಾರ ಕಟ್ಟಿದೆವು. (ಹೊಸ ಪೊರಕೆ ಹಾಳಾಯಿತು ಅಂತ ಅತ್ತೆಯವರ ಗೊಣಗಾಟ ಇನ್ನೂ ನಿಂತಿಲ್ಲ.) ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಕೈಗೆ ಕೊಟ್ಟು, "ಈಗ ನನಗೆ 17 ಕೊಡು" ಅಂದೆ. ಒಂದು ಕಟ್ಟು ಕೊಟ್ಟಳು. ಬಿಡಿ ಎರಡನ್ನೂ ಕೊಟ್ಟಳು. ಇನ್ನೂ ಐದು ಬೇಕು. ನಾನು ತುಟಿ ಕಚ್ಚಿಕೊಂಡು ಸುಮ್ಮನೆ ಕೂತೆ. ಅಮ್ಮಂದಿರಿಗೆ ಅದೇ ಕಷ್ಟ ನೋಡಿ. ಸ್ವಲ್ಪ ಹೊತ್ತು ತಿರುವಿ ತಿರುವಿ ನೋಡಿ, "ಅಮ್ಮಾ, ಒಂದು ಕಟ್ಟು ಬಿಚ್ಚಲಾ?" ಅಂದಳು. ಬಿಚ್ಚಿ ಐದು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಬಿಡಿ. 25.

"ಸಾಲ ಅಲ್ಲಮ್ಮ ಇದು, ನಮ್ಮದೇ ಕಟ್ಟು ಬಿಚ್ಚಿದ್ದು!"

ನೀವೂ ಮಾಡಿಸೋದಾದ್ರೆ ಬರೆಸೋಕೆ ಅವಸರ ಬೇಡಿ. ನಾಲ್ಕು ದಿನ ಬರೀ ಕಡ್ಡಿ, ಆಮೇಲೆ ಕಡ್ಡಿಯ ಪಕ್ಕದಲ್ಲೇ ಸ್ಲೇಟು ಇಟ್ಟು, ಕಟ್ಟು ಬಿಚ್ಚಿದಾಗಲೆಲ್ಲ ಹತ್ತರ ಮನೆಯ ಅಂಕಿಯನ್ನು ಅವರೇ ಒಂದು ಕಡಿಮೆ ಮಾಡಲಿ. ಕಡ್ಡಿ ತಾವಾಗಿಯೇ ಬಿಡುತ್ತಾರೆ.

ನಿನ್ನೆ 100ರಲ್ಲಿ 36 ಕಳೆಯೋದು ಬಂತು. ಹತ್ತು ಕಟ್ಟು ಸೇರಿಸಿ, ತನ್ನ ಜಡೆಯ ರಿಬ್ಬನ್ನಿನಿಂದಲೇ ಒಂದು ಹೊರೆ ಕಟ್ಟಿದ್ದಾಳೆ. ಪೊರಕೆಯಲ್ಲಿ ಇನ್ನು ಹಿಡಿಯಷ್ಟೇ ಕಡ್ಡಿ ಉಳಿದಿರೋದು.