ಹೊಸ ಊರಿನಲ್ಲಿ ಮನೆ: ‘ಸೇಫ್ ಏರಿಯಾ’, ‘ಕಡಿಮೆ ಬಾಡಿಗೆ’ ಎಂಬ ಮಾತನ್ನು ಎಷ್ಟು ನಂಬಬಹುದು?

ಕಲಬುರಗಿ, ಹಾವೇರಿ ಅಥವಾ ಶಿವಮೊಗ್ಗದಿಂದ ಕೆಲಸಕ್ಕೆಂದು ಬೆಂಗಳೂರಿಗೆ ಹೊರಡುವವರು ಮನೆ ಹುಡುಕುವಾಗ ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಏರಿಯಾ ಹೇಗೆ? ಬಾಡಿಗೆ ಎಷ್ಟು? ಮೊದಲನೆಯದಕ್ಕೆ ಪರಿಚಯದವರು “ಅಲ್ಲಿ ಬೇಡ, ಅಷ್ಟು ಚೆನ್ನಾಗಿಲ್ಲ” ಅಥವಾ “ಸೇಫ್ ಇದೆ, ಎಲ್ಲ ಫ್ಯಾಮಿಲಿಗಳೇ” ಎನ್ನುತ್ತಾರೆ. ಎರಡನೆಯದಕ್ಕೆ ಬ್ರೋಕರ್ ಒಂದು ಸಂಖ್ಯೆ ಹೇಳುತ್ತಾರೆ. ಇಷ್ಟನ್ನೇ ನಂಬಿ ಐದು, ಆರು, ಕೆಲವೊಮ್ಮೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕಟ್ಟುತ್ತೇವೆ. ಅಷ್ಟು ಹಣ ಸಿಕ್ಕಿಕೊಂಡ ಮೇಲೆ ತಪ್ಪು ಆಯ್ಕೆಯಿಂದ ಹೊರಬರುವುದು ಸುಲಭವಲ್ಲ.

ಈ ಎರಡೂ ಉತ್ತರಗಳಲ್ಲಿ ಒಂದೇ ಬಗೆಯ ಕೊರತೆ ಇದೆ. ಬೇಗ ಕಣ್ಣಿಗೆ ಬೀಳುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ, ದಿನವೂ ಅನುಭವಿಸಬೇಕಾದದ್ದು ಬಿಟ್ಟುಹೋಗುತ್ತದೆ.

ಅಪರಾಧದ ಅಂಕಿ ಏನು ಹೇಳುತ್ತದೆ?

“ಬೆಂಗಳೂರಿನಲ್ಲಿ ಅಪರಾಧ ಹೆಚ್ಚಳ” ಎಂಬ ಸುದ್ದಿಗಳಿಗೆ ಸಾಮಾನ್ಯವಾಗಿ ಆಧಾರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) ವರದಿ. ಈ ವರದಿಯನ್ನು ಓದುವಾಗ ಮೂರು ಸಂಗತಿ ನೆನಪಿರಬೇಕು.

ಮೊದಲನೆಯದು, ಇದು ದಾಖಲಾದ ಪ್ರಕರಣಗಳ ಲೆಕ್ಕ. ಅಪರಾಧ ಹೆಚ್ಚುವುದು ಬೇರೆ, ಪೊಲೀಸರು ದಾಖಲಿಸುವುದು ಹೆಚ್ಚುವುದು ಬೇರೆ ಎಂದು ಬ್ಯೂರೋ ತಾನೇ ಎಚ್ಚರಿಸುತ್ತದೆ. ದೂರು ಕೊಡಲು ಜನ ಹೆದರದ, ಪೊಲೀಸರು ತಕ್ಷಣ ಎಫ್‌ಐಆರ್ ಬರೆದುಕೊಳ್ಳುವ ಊರಿನ ಅಂಕಿ, ದೂರನ್ನೇ ತೆಗೆದುಕೊಳ್ಳದ ಊರಿನ ಅಂಕಿಗಿಂತ ದೊಡ್ಡದಾಗಿ ಕಾಣಬಹುದು.

ಎರಡನೆಯದು, ಭಾಗಿಸುವ ಸಂಖ್ಯೆ. ಮಹಾನಗರಗಳ ಅಪರಾಧ ದರ ಲೆಕ್ಕ ಹಾಕಲು ಬ್ಯೂರೋ ಬಳಸುತ್ತ ಬಂದಿರುವುದು 2011ರ ಜನಗಣತಿ. ಆಗ ಬೆಂಗಳೂರಿನ ಜನಸಂಖ್ಯೆ ಸುಮಾರು 85 ಲಕ್ಷ. ಈಗ ಅದು ಕೋಟಿಯನ್ನು ಸಾಕಷ್ಟು ದಾಟಿದೆ. 8,500 ಪ್ರಕರಣಗಳು ದಾಖಲಾದವು ಎಂದುಕೊಳ್ಳೋಣ. 85 ಲಕ್ಷ ಜನರ ಲೆಕ್ಕದಲ್ಲಿ ದರ ಲಕ್ಷಕ್ಕೆ 100. ಜನಸಂಖ್ಯೆ 1.3 ಕೋಟಿ ಎಂದು ಹಿಡಿದರೆ ಅದೇ ದರ 65ಕ್ಕೆ ಇಳಿಯುತ್ತದೆ. ವೇಗವಾಗಿ ಬೆಳೆದ ಊರುಗಳು ಈ ಲೆಕ್ಕದಲ್ಲಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ. ಮೆಜೆಸ್ಟಿಕ್, ಚಿಕ್ಕಪೇಟೆಯಂಥ ಜಾಗಗಳಲ್ಲೂ ಇದೇ ತೊಡಕು. ಅಲ್ಲಿ ಮನೆ ಮಾಡಿಕೊಂಡಿರುವವರಿಗಿಂತ ದಿನಾ ಬಂದುಹೋಗುವವರು ಎಷ್ಟೋ ಪಟ್ಟು ಹೆಚ್ಚು. ಜೇಬುಗಳ್ಳತನದ ಪ್ರಕರಣಗಳನ್ನು ನಿವಾಸಿಗಳ ಸಂಖ್ಯೆಯಿಂದ ಮಾತ್ರ ಭಾಗಿಸಿದರೆ ಸಿಗುವ ಉತ್ತರಕ್ಕೆ ಅರ್ಥವಿಲ್ಲ.

ಮೂರನೆಯದು, ಎಲ್ಲ ಅಪರಾಧಗಳೂ ಬಡಾವಣೆಗೆ ಅಂಟಿಕೊಂಡಿರುವುದಿಲ್ಲ. ಮಹಾನಗರಗಳ ಪೈಕಿ ಸೈಬರ್ ಅಪರಾಧ ಪ್ರಕರಣಗಳು ಅತಿ ಹೆಚ್ಚು ದಾಖಲಾಗುತ್ತಿರುವುದು ಬೆಂಗಳೂರಿನಲ್ಲಿ. ನಿಮ್ಮ ಫೋನಿಗೆ ಬರುವ ವಂಚನೆಯ ಕರೆ, ನೀವು ಜಯನಗರದಲ್ಲಿದ್ದರೂ ಬರುತ್ತದೆ, ಪೀಣ್ಯದಲ್ಲಿದ್ದರೂ ಬರುತ್ತದೆ. ಊರಿನ ಒಟ್ಟು ಅಂಕಿಯಿಂದ ಒಂದು ಬೀದಿಯ ಬಗ್ಗೆ ಏನನ್ನೂ ತೀರ್ಮಾನಿಸಲಾಗದು.

ಕಣ್ಣಂದಾಜು ಎಷ್ಟು ಸರಿ?

ಅಂಕಿ ಬೇಡ, ನೋಡಿದರೆ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಇದನ್ನು ಸಮಾಜವಿಜ್ಞಾನಿಗಳಾದ ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರಾಡೆನ್‌ಬುಷ್ ಅಮೆರಿಕದ ಶಿಕಾಗೋದಲ್ಲಿ ಪರೀಕ್ಷಿಸಿದರು. ಬೀದಿಗಳಲ್ಲಿ ನಿಜವಾಗಿ ಇರುವ ಕಸ, ಗೋಡೆಬರಹ, ಪಾಳುಮನೆಗಳನ್ನು ಒಂದು ಕಡೆ ದಾಖಲಿಸಿದರು. “ಇಲ್ಲಿ ಎಷ್ಟು ಅವ್ಯವಸ್ಥೆ ಇದೆ?” ಎಂದು ನಿವಾಸಿಗಳನ್ನು ಇನ್ನೊಂದು ಕಡೆ ಕೇಳಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬೀದಿಯ ಸ್ಥಿತಿ ಒಂದೇ ಆಗಿದ್ದರೂ, ಕಪ್ಪು ವರ್ಣೀಯರು ಮತ್ತು ಬಡವರು ಹೆಚ್ಚಿರುವ ಕಡೆ ಜನರಿಗೆ ಹೆಚ್ಚು ಅವ್ಯವಸ್ಥೆ ‘ಕಾಣುತ್ತಿತ್ತು’.

ನಮ್ಮಲ್ಲಿ ‘ಏರಿಯಾ ಚೆನ್ನಾಗಿಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಅಲ್ಲಿ ಯಾವ ಜಾತಿ, ಯಾವ ಧರ್ಮ, ಎಷ್ಟು ಬಡವರಿದ್ದಾರೆ ಎಂಬ ಲೆಕ್ಕ. ಆದ್ದರಿಂದ ಯಾರಾದರೂ ಹಾಗೆ ಹೇಳಿದರೆ “ಏನಾಯಿತು? ಯಾವಾಗ? ಯಾವ ರಸ್ತೆಯಲ್ಲಿ?” ಎಂದು ಕೇಳಿ. ಖಚಿತ ಉತ್ತರವಿದ್ದರೆ ಅದು ಮಾಹಿತಿ. ಇಲ್ಲದಿದ್ದರೆ ಅದು ಅಭಿಪ್ರಾಯ ಮಾತ್ರ.

ಬೀದಿಯಲ್ಲಿ ನೋಡಬೇಕಾದದ್ದು ಬೇರೆ ಇದೆ. ಬೀದಿಯನ್ನು ಕಾಯುವುದು ಅಲ್ಲಿ ಓಡಾಡುವ ಜನರ ಕಣ್ಣುಗಳು ಎಂದು ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ರಾತ್ರಿ ಹತ್ತರವರೆಗೆ ತೆರೆದಿರುವ ದಿನಸಿ ಅಂಗಡಿ, ಇಸ್ತ್ರಿ ಗಾಡಿ, ಹೂ ಮಾರುವವರು ಇರುವ ಗಿಜಿಗುಡುವ ಬೀದಿ, ಎತ್ತರದ ಕಾಂಪೌಂಡುಗಳ ನಡುವಿನ ನಿರ್ಜನ ರಸ್ತೆಗಿಂತ ಒಂಟಿಯಾಗಿ ನಡೆದು ಬರುವವರಿಗೆ ಹೆಚ್ಚು ಭದ್ರ ಆಗಿರಬಹುದು. ಬೀದಿದೀಪವೂ ಸಣ್ಣ ವಿಷಯವಲ್ಲ. ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಹೆಚ್ಚುವರಿ ದೀಪ ಹಾಕಿದಾಗ, ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಸುಮಾರು 36 ಶೇಕಡಾ ಇಳಿದವು ಎಂದು ಸಂಶೋಧಕರು ಅಂದಾಜಿಸಿದರು.

ನಾವು ಹೆದರದ ಅಪಾಯಗಳು

2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅಂದರೆ ಸುಮಾರು ಆರು ಪಟ್ಟು. ಆದರೂ ಮನೆ ನೋಡುವಾಗ “ಇಲ್ಲಿಂದ ಬಸ್ ಸ್ಟಾಪಿಗೆ ಹೋಗಲು ಫುಟ್‌ಪಾತ್ ಇದೆಯೇ? ಮಕ್ಕಳು ಶಾಲೆಗೆ ಹೋಗಲು ಯಾವ ರಸ್ತೆ ದಾಟಬೇಕು?” ಎಂದು ಕೇಳುವವರು ಕಡಿಮೆ. ಸರ್ವಿಸ್ ರಸ್ತೆಯೂ ಸಿಗ್ನಲ್ಲೂ ಇಲ್ಲದ ಹೆದ್ದಾರಿಯನ್ನು ದಿನಕ್ಕೆರಡು ಸಲ ದಾಟಬೇಕಾದ ಮನೆ, ಎಷ್ಟೇ ‘ಡೀಸೆಂಟ್’ ಏರಿಯಾದಲ್ಲಿದ್ದರೂ ಸುರಕ್ಷಿತವಲ್ಲ.

ಇನ್ನೊಂದು ಅಪಾಯ ಮಳೆನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಭಾಗದಲ್ಲಿ ಮುಳುಗಿದ್ದು ಬಡವರ ಶೆಡ್‌ಗಳಷ್ಟೇ ಅಲ್ಲ, ಕೋಟ್ಯಂತರ ರೂಪಾಯಿಯ ವಿಲ್ಲಾಗಳೂ ಹೌದು. 2025ರ ಮೇ ತಿಂಗಳಲ್ಲಿ ಹೊರಮಾವು ಬಳಿಯ ಸಾಯಿ ಲೇಔಟ್ ಜಲಾವೃತವಾಯಿತು. ಕೆರೆಯಿಂದ ಕೆರೆಗೆ ನೀರು ಹರಿಸುತ್ತಿದ್ದ ರಾಜಕಾಲುವೆಗಳು ಕಿರಿದಾದ ಕಡೆ, ತಗ್ಗಿನ ಜಾಗಕ್ಕೆ ನೀರು ಬಂದೇ ಬರುತ್ತದೆ, ಬಾಡಿಗೆ ಎಷ್ಟೆಂದು ನೋಡುವುದಿಲ್ಲ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಕಂದಾಯ ನಕ್ಷೆ ನೋಡಬಹುದು. ಅದಕ್ಕಿಂತ ಸುಲಭದ ದಾರಿ, ಬೇಸ್‌ಮೆಂಟ್ ಮತ್ತು ನೆಲಮಹಡಿಯ ಗೋಡೆಗಳಲ್ಲಿ ನೀರು ನಿಂತ ಗುರುತು ಇದೆಯೇ ಎಂದು ನೋಡುವುದು, ಎದುರು ಅಂಗಡಿಯವರನ್ನು ಕಳೆದ ಮಳೆಗಾಲದ ಬಗ್ಗೆ ವಿಚಾರಿಸುವುದು.

ಬಾಡಿಗೆ ಕಡಿಮೆ, ಖರ್ಚು ಎಷ್ಟು?

ಆದಾಯದ 30 ಶೇಕಡಾ ಮೀರದಂತೆ ಬಾಡಿಗೆ ಇರಬೇಕು ಎಂಬ ಸೂತ್ರ ಎಲ್ಲೆಡೆ ಹರಿದಾಡುತ್ತದೆ. ಇದೇನೂ ವಿಜ್ಞಾನದ ನಿಯಮವಲ್ಲ. ಅಮೆರಿಕದ ಸರ್ಕಾರಿ ವಸತಿಯಲ್ಲಿ ಬಡವರಿಂದ ಎಷ್ಟು ಬಾಡಿಗೆ ಪಡೆಯಬಹುದು ಎಂಬ ಮಿತಿ 1969ರಲ್ಲಿ 25 ಶೇಕಡಾ ಇತ್ತು, 1981ರಲ್ಲಿ 30 ಆಯಿತು. ಮುಂದೆ ಅದೇ ಎಲ್ಲರ ಸೂತ್ರವಾಯಿತು. ಶಿಕಾಗೋದ ‘ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ’ ಎಂಬ ಸಂಸ್ಥೆ ಇದರ ಕೊರತೆಯನ್ನು ಎತ್ತಿ ತೋರಿಸಿತು: ಊರಾಚೆ ಹೋದಂತೆ ಬಾಡಿಗೆ ಇಳಿಯುತ್ತದೆ, ಓಡಾಟದ ಖರ್ಚು ಏರುತ್ತದೆ. ಹಾಗಾಗಿ ಮನೆ ಮತ್ತು ಓಡಾಟ ಎರಡನ್ನೂ ಸೇರಿಸಿ ಆದಾಯದ 45 ಶೇಕಡಾ ಒಳಗಿದೆಯೇ ಎಂದು ನೋಡಬೇಕು ಎಂಬುದು ಅವರ ಅಳತೆ.

ಒಂದು ಉದಾಹರಣೆ ನೋಡೋಣ (ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು). ಆಫೀಸಿನಿಂದ 4 ಕಿ.ಮೀ. ದೂರದ ಮನೆಗೆ 16,000 ರೂ. ಬಾಡಿಗೆ, 20 ಕಿ.ಮೀ. ದೂರದ ಮನೆಗೆ 11,000. ಉಳಿತಾಯ 5,000 ಎನಿಸುತ್ತದೆ. ತಿಂಗಳಿಗೆ 25 ದಿನ ಬೈಕಿನಲ್ಲಿ ಹೋಗಿಬಂದರೆ ದೂರದ ಮನೆಯಿಂದ 1,000 ಕಿ.ಮೀ., ಹತ್ತಿರದ ಮನೆಯಿಂದ 200 ಕಿ.ಮೀ. ಲೀಟರಿಗೆ 45 ಕಿ.ಮೀ. ಓಡಿದರೂ ಪೆಟ್ರೋಲಿಗೇ ಸುಮಾರು 1,800 ರೂ. ಹೆಚ್ಚು. ಟ್ಯಾಂಕರ್ ನೀರಿನ ಪಾಲು 1,000 ಎಂದು ಹಿಡಿದರೆ ಉಳಿಯುವುದು 2,200.

ಇನ್ನು ಸಮಯ. 2022ರಲ್ಲಿ ಬೆಂಗಳೂರಿನ ನಗರ ಕೇಂದ್ರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು ಎಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿತ್ತು. ಆ ವೇಗದಲ್ಲಿ ದೂರದ ಮನೆಯವರು ತಿಂಗಳಿಗೆ ಸುಮಾರು 40 ಗಂಟೆ ಹೆಚ್ಚಾಗಿ ರಸ್ತೆಯಲ್ಲಿ ಕಳೆಯುತ್ತಾರೆ. ಗಂಟೆಗೆ ಬಿದ್ದದ್ದು 55 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಅಷ್ಟೇ ದೂರ ಹೋಗುವವರಾದರೆ ಉಳಿತಾಯ 400 ರೂಪಾಯಿಗೆ ಇಳಿಯುತ್ತದೆ, ಕಳೆದುಕೊಳ್ಳುವುದು 80 ಗಂಟೆ.

ಹಾಗೆಂದು ದೂರದ ಮನೆ ಯಾವಾಗಲೂ ನಷ್ಟವೇ ಎಂದಲ್ಲ. ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡುತ್ತಿದೆ. ಸ್ಟೇಷನ್ನಿಗೆ ನಡೆದುಹೋಗುವಷ್ಟು ದೂರದಲ್ಲಿರುವ ಮನೆ ಕಿಲೋಮೀಟರಿನಲ್ಲಿ ದೂರವಾದರೂ ಸಮಯದಲ್ಲಿ ಹತ್ತಿರ. ಆದರೆ 2025ರ ಫೆಬ್ರುವರಿಯಲ್ಲಿ ಗರಿಷ್ಠ ಟಿಕೆಟ್ ದರ 60ರಿಂದ 90 ರೂಪಾಯಿಗೆ ಏರಿದ್ದನ್ನೂ ಲೆಕ್ಕಕ್ಕೆ ಸೇರಿಸಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುವ ಮಹಿಳೆಯರಿಗೆ, ನೇರ ಬಸ್ ಇರುವ ಬಡಾವಣೆಯ ಲೆಕ್ಕವೇ ಬೇರೆ.

ನೀರಿನ ವಿಚಾರವನ್ನು ಬಿಡಿಸಿ ಕೇಳಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೆಚ್ಚು ಕಷ್ಟಪಟ್ಟಿದ್ದು ನಗರದ ಹೊರವಲಯ. ಪಾಲಿಕೆಗೆ ಸೇರಿದ್ದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ 5ನೇ ಹಂತಕ್ಕೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ಬಡಾವಣೆಗೆ ಪೈಪ್ ಬಂದಿದ್ದರೂ ನೀವು ನೋಡುವ ಕಟ್ಟಡಕ್ಕೆ ಸಂಪರ್ಕ ಇರಲೇಬೇಕೆಂದಿಲ್ಲ. ಜೊತೆಗೆ ಮನೆಗೆ ಪ್ರತ್ಯೇಕ ಕರೆಂಟ್ ಮೀಟರ್ ಇದೆಯೇ ಎಂದೂ ನೋಡಿ. ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ, ಆದರೆ ಅದು ಮೀಟರಿನ ಆರ್‌.ಆರ್‌. ನಂಬರಿಗೆ ಜೋಡಣೆಯಾಗಿರುತ್ತದೆ.

ಬಾಡಿಗೆಯೇ ಇಲ್ಲ ಎಂದು ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಡುವ ಮುನ್ನ ಇನ್ನೂ ಎಚ್ಚರ ಬೇಕು. ಮನೆಯ ಮಾಲೀಕರಲ್ಲದ ಮಧ್ಯವರ್ತಿ ಹಣ ಪಡೆದು ಮಾಯವಾಗುವುದು, ಸಾಲದ ಬಾಕಿಗೆ ಬ್ಯಾಂಕ್ ಮನೆ ಜಪ್ತಿ ಮಾಡುವುದು ಎರಡೂ ನಡೆದಿವೆ. ಮಾಲೀಕರನ್ನೇ ಮುಖತಃ ನೋಡಿ, ಖಾತೆ ಮತ್ತು ಋಣಭಾರ ಪ್ರಮಾಣಪತ್ರ ಪರಿಶೀಲಿಸಿ.

ಅಡ್ವಾನ್ಸ್ ಕೊಡುವ ಮುನ್ನ

ಒಂದೇ ಬಡಾವಣೆಯನ್ನು ಮೂರು ಹೊತ್ತಿನಲ್ಲಿ ನೋಡಿ: ಕೆಲಸದ ದಿನ ಬೆಳಗ್ಗೆ ಒಂಬತ್ತಕ್ಕೆ, ರಾತ್ರಿ ಹತ್ತಕ್ಕೆ, ಸಾಧ್ಯವಾದರೆ ಮಳೆ ಬಂದಾಗ. ಬಸ್ ಸ್ಟಾಪಿನಿಂದ ಮನೆಯವರೆಗೆ ನಡೆಯಿರಿ. ಆ ದಾರಿಯಲ್ಲಿ ತಡರಾತ್ರಿ ಬರಬೇಕಾದವರು ಮಗಳೋ ಹೆಂಡತಿಯೋ ಆಗಿದ್ದರೆ ಅವರೇ ನಡೆದು ನೋಡಲಿ, ಅವರ ಮಾತಿಗೆ ಬೆಲೆ ಕೊಡಿ. ಬ್ರೋಕರನ್ನು ಕೇಳುವ ಪ್ರಶ್ನೆಗಳನ್ನೇ ಅದೇ ಕಟ್ಟಡದ ಇನ್ನೊಬ್ಬ ಬಾಡಿಗೆದಾರರನ್ನೂ ಕೇಳಿ: ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟಾಯಿತು, ಹಿಂದಿನವರು ಏಕೆ ಬಿಟ್ಟರು, ಅವರ ಅಡ್ವಾನ್ಸ್ ಪೂರ್ತಿ ವಾಪಸ್ ಬಂತೇ?

ಸಾಧ್ಯವಿದ್ದರೆ ಮೊದಲ ಒಂದೆರಡು ತಿಂಗಳು ಪಿ.ಜಿ.ಯಲ್ಲೋ ನೆಂಟರ ಮನೆಯಲ್ಲೋ ಇದ್ದು ಆಮೇಲೆ ಮನೆ ಹಿಡಿಯುವುದು ಒಳ್ಳೆಯದು. ಅಷ್ಟರಲ್ಲಿ ನಿಮ್ಮ ಓಡಾಟದ ದಾರಿ, ಹೊತ್ತು, ಖರ್ಚು ನಿಮಗೇ ಗೊತ್ತಾಗಿರುತ್ತದೆ. ಆಗ ಯಾವ ಏರಿಯಾ ಒಳ್ಳೆಯದು ಎಂದು ಇನ್ನೊಬ್ಬರನ್ನು ಕೇಳಬೇಕಾದ ಅಗತ್ಯ ಅಷ್ಟಾಗಿ ಇರುವುದಿಲ್ಲ.