ನಿಜ ಹೇಳಿದವನಿಗೂ ಸಜೆಯೇ?

ಇದ್ದದ್ದನ್ನು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬ ಗಾದೆ ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ಮಾನನಷ್ಟದ ಕಾಯಿದೆ ಈ ಗಾದೆಗೇ ಸರ್ಕಾರಿ ಮೊಹರು ಒತ್ತಿದೆ.

ಒಬ್ಬ ಮಾಲೀಕ ಕಾರ್ಮಿಕರ ಸಂಬಳದಲ್ಲಿ ಪ್ರಾವಿಡೆಂಟ್ ಫಂಡಿನ ಹಣ ಹಿಡಿದುಕೊಂಡು, ಅದನ್ನು ಕಟ್ಟದೆ ನುಂಗಿದನೆಂದು ಇಟ್ಟುಕೊಳ್ಳೋಣ. ಸಂಘದವರು ಕರಪತ್ರ ಹಂಚುತ್ತಾರೆ. ಮಾಲೀಕ ಕೋರ್ಟಿಗೆ ಹೋಗುತ್ತಾನೆ. ಹೇಳಿದ್ದು ನಿಜವಾದರೆ ಸಾಕೆ? ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಿ ಸಾಕು. ನಿಜವೆಂದು ರುಜುವಾತಾದರೆ ದಾವೆ ಬಿದ್ದುಹೋಗುತ್ತದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಲದು. ಮಾತು ನಿಜವಿರಬೇಕು, ಜೊತೆಗೆ ಅದು ಸಾರ್ವಜನಿಕ ಹಿತಕ್ಕಾಗಿ ಆಡಿದ್ದಾಗಿರಬೇಕು. ಎರಡನ್ನೂ ತೋರಿಸುವ ಹೊರೆ ಆಪಾದಿತನ ತಲೆಯ ಮೇಲೆ. ತೋರಿಸಲಾಗದಿದ್ದರೆ ಎರಡು ವರ್ಷದವರೆಗೆ ಸಜೆ. ಹಣದ ದಾವೆಯಲ್ಲಿ ಪೂರ್ತಿ ಸಲ್ಲುವ ಸತ್ಯ, ಜೈಲಿಗೆ ನೂಕುವ ಮೊಕದ್ದಮೆಯಲ್ಲಿ ಅರ್ಧವೇ ಸಲ್ಲುವುದು ಯಾವ ನ್ಯಾಯ?

ಈ ನಿಬಂಧನೆ ಎಲ್ಲಿಂದ ಬಂತು? 1837ರಲ್ಲಿ ಮೆಕಾಲೆಯ ಕಮಿಷನ್ ಸಿದ್ಧಪಡಿಸಿದ ಕರಡಿನಲ್ಲಿ ನಿಜ ಹೇಳುವುದು ಮಾನನಷ್ಟವೇ ಅಲ್ಲವೆಂದಿತ್ತು. 1860ರ ದಂಡ ಸಂಹಿತೆಯ 499ನೆಯ ಕಲಮಿನಲ್ಲಿ 'ಸಾರ್ವಜನಿಕ ಹಿತ'ದ ಬೇಲಿ ಎದ್ದಿತು. ನಮ್ಮ ವಿದ್ಯೆಯನ್ನು ಹೀಗಳೆದ ಮೆಕಾಲೆ ಕೊಡಲು ಸಿದ್ಧನಿದ್ದಷ್ಟನ್ನೂ ಸ್ವತಂತ್ರ ಭಾರತ ತನ್ನ ಪ್ರಜೆಗೆ ಕೊಟ್ಟಿಲ್ಲ! ಶ್ರೀಲಂಕಾ 2002ರಲ್ಲಿ ಕ್ರಿಮಿನಲ್ ಮಾನನಷ್ಟವನ್ನು ತೆಗೆದುಹಾಕಿತು. ಇಂಗ್ಲೆಂಡ್ ಕೂಡ 2009ರ ಕಾಯಿದೆಯಿಂದ ಅದನ್ನು ಕೈಬಿಟ್ಟಿತು. ನಮ್ಮಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. 499 ಹೋಗಿ 356 ಆಯಿತು, ಸಮುದಾಯ ಸೇವೆಯೆಂಬ ಶಿಕ್ಷೆಯೂ ಸೇರಿತು. ಬೋರ್ಡು ಬದಲಾಯಿತು, ಅಂಗಡಿಯ ಸರಕು ಅದೇ.

ಖಾಸಗಿ ಬದುಕನ್ನು ಬೀದಿಗೆ ಎಳೆಯುವವರನ್ನು ತಡೆಯುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಸುಪ್ರೀಂ ಕೋರ್ಟು 2016ರ ಸುಬ್ರಮಣಿಯನ್ ಸ್ವಾಮಿ ಮೊಕದ್ದಮೆಯಲ್ಲಿ, ಹಿತಕ್ಕಲ್ಲದೆ ಮಸಿ ಬಳಿಯಲೆಂದೇ ಹೇಳಿದ ನಿಜವೂ ಮಾನನಷ್ಟವಾಗಬಹುದೆಂದು ಹೇಳಿ ಈ ಕಲಮನ್ನು ಎತ್ತಿಹಿಡಿಯಿತು. ಬಡವನ ಮನೆಯ ಗುಟ್ಟಿಗೂ ಮರ್ಯಾದೆ ಇದೆಯೆಂದು ನಾವು ಒಪ್ಪುತ್ತೇವೆ. ಅದನ್ನು ಕಾಯಲು ಸಿವಿಲ್ ಕೋರ್ಟು ಸಾಕು, ಜೈಲು ಬೇಕಿಲ್ಲ.

ಈ ಜೈಲಿನ ಹೆದರಿಕೆಯಿಂದ ಯಾರಿಗೆ ಲಾಭ? ಕೊನೆಗೆ ಬಿಡುಗಡೆಯಾದರೂ ವಾಯಿದೆಯ ಮೇಲೆ ವಾಯಿದೆ. ಗಿರಣಿಯವನಿಗೆ ಪಾಳಿಯ ಕೂಲಿ ಖೋತಾ, ವರ್ತಕನಿಗೆ ಅಂಗಡಿಯ ಬಾಗಿಲು ಬಂದು. ಧಣಿಗೆ ಹೋಗುವುದು ವಕೀಲರ ಫೀಸು ಮಾತ್ರ. ಮಂತ್ರಿಗೆ ಅದೂ ಇಲ್ಲ. ಅಧಿಕಾರದ ಕೆಲಸದ ಬಗ್ಗೆ ಯಾರಾದರೂ ಆಡಿಕೊಂಡರೆ, ಸರ್ಕಾರದ ಅನುಮತಿ ಪಡೆದು ಪಬ್ಲಿಕ್ ಪ್ರಾಸಿಕ್ಯೂಟರೇ ಸೆಷನ್ಸ್ ಕೋರ್ಟಿನಲ್ಲಿ ಫಿರ್ಯಾದು ಹಾಕಬಹುದು. 1955ರಲ್ಲಿ ಸೇರಿಸಿದ ಈ ಸವಲತ್ತು ಹೊಸ ಸಂಹಿತೆಯಲ್ಲೂ ಉಳಿದಿದೆ. ನಮ್ಮ ತೆರಿಗೆಯಲ್ಲಿ ನಮ್ಮ ಬಾಯಿಗೆ ಬೀಗ! ಅಧಿಕಾರಿಗಳು ತಮ್ಮ ಅಧಿಕೃತ ಕೆಲಸದ ಟೀಕೆಗೆ ಪರಿಹಾರ ಕೇಳಬೇಕಾದರೆ, ಟೀಕಿಸಿದವನು ಸತ್ಯವನ್ನು ಲೆಕ್ಕಿಸದೆ ಸುಳ್ಳು ಹೇಳಿದನೆಂದು ತೋರಿಸಬೇಕೆಂದು 1994ರ ರಾಜಗೋಪಾಲ್ ತೀರ್ಪು ಹೇಳಿತು. ಹಣದ ದಾವೆಯಲ್ಲಿ ಇರುವ ಈ ರಕ್ಷಣೆ ಸಜೆಯ ಮೊಕದ್ದಮೆಯಲ್ಲಿ ಏಕಿಲ್ಲ?

ಸುಳ್ಳಿಗೆ ನಾವು ರಕ್ಷಣೆ ಕೇಳುತ್ತಿಲ್ಲ. ಪುರಾವೆ ಇಲ್ಲದೆ ಅಚ್ಚು ಹಾಕುವವನು ಚಳವಳಿಗೇ ದ್ರೋಹಿ. ಸಂಗಾತಿಗಳು ಸಂಬಳದ ಚೀಟಿ, ರಸೀತಿ, ನೋಟೀಸು ಕಾದಿಟ್ಟುಕೊಳ್ಳಲಿ; ಕರಪತ್ರಕ್ಕೆ ಮೊದಲು ಕಾಗದ ಕೈಯಲ್ಲಿರಲಿ. ನಮ್ಮ ಬೇಡಿಕೆ ಮೂರೇ: ನಿಜವೇ ಪೂರ್ಣ ಸಮರ್ಥನೆಯಾಗಲಿ, ಮಾತಿಗೆ ಜೈಲು ಹೋಗಲಿ, ಮಂತ್ರಿಯ ಮಾನಕ್ಕೆ ಮಂತ್ರಿಯೇ ಖರ್ಚು ಮಾಡಲಿ. ಮತ ಕೇಳಲು ಬರುವವರನ್ನು ಪ್ರತಿ ಗಿರಣಿಯ ಬಾಗಿಲಲ್ಲಿ, ಪ್ರತಿ ಪೇಟೆಯಲ್ಲಿ ಈ ಮೂರು ಪ್ರಶ್ನೆಗಳು ಎದುರುಗೊಳ್ಳಲಿ.