ಎಚ್ಚರಿಸಿದವನ ಅನ್ನ

ಮನೆಯ ಮಾಡಿಗೆ ಬೆಂಕಿ ತಗುಲಿತೆಂದು ಆಳು ಕೂಗಿದರೆ, ಆಳಿನ ಬಾಯಿ ಕಟ್ಟುವ ಯಜಮಾನನನ್ನು ಲೋಕವು ವಿವೇಕಿಯೆನ್ನಲಾರದು. ಕಾರ್ಖಾನೆಯೊಳಗೆ ಅದೇ ನಡತೆಯು ಶಿಸ್ತೆಂಬ ಹೆಸರಿನಿಂದ ಮನ್ನಣೆ ಪಡೆದಿರುವುದು ಸೋಜಿಗವಲ್ಲವೆ? ಯಂತ್ರದ ಗುಣದೋಷಗಳನ್ನು ಇಂಜಿನಿಯರರು ಬಲ್ಲರು, ಕೂಲಿಯವನಿಗೆ ಅದರ ಗೊಡವೆಯೇಕೆ ಎಂದು ಕೇಳುವವರು ವಿದ್ಯಾವಂತರಲ್ಲಿಯೂ ಇದ್ದಾರೆ.

ಅವರಿಗೆ ಭೋಪಾಲವೇ ಉತ್ತರ. ಅಲ್ಲಿಯ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ನೆಯ ಡಿಸೆಂಬರಿನಲ್ಲಿ ಫಾಸ್ಜೀನ್ ವಿಷಾನಿಲವು ಸೋರಿ ಕೆಲಸಗಾರನೊಬ್ಬನು ಮಡಿದನು. ಕಾರ್ಮಿಕರ ಸಂಘವು ಅಪಾಯವನ್ನು ಸಾರಿ ಹೇಳಿತು. 1982ರಲ್ಲಿ ರಾಜಕುಮಾರ ಕೇಸವಾನಿಯವರು ತಮ್ಮ ವಾರಪತ್ರಿಕೆಯಲ್ಲಿ ಅದನ್ನೇ ಬರೆದರು. ಕೇಳುವ ಕಿವಿಗಳಿರಲಿಲ್ಲ. 1984ನೆಯ ಡಿಸೆಂಬರ್ 2ರ ನಡುರಾತ್ರಿಯಲ್ಲಿ ಮೀಥೈಲ್ ಐಸೊಸಯನೇಟು ಹೊರನುಗ್ಗಿದಾಗ, ಅದನ್ನು ತಣ್ಣಗಿಡಬೇಕಾದ ಯಂತ್ರವು ನಿಂತು ತಿಂಗಳುಗಳಾಗಿದ್ದುವು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರವೂ ಕೆಲಸ ಮಾಡುತ್ತಿರಲಿಲ್ಲ. ಸಾವಿರಾರು ಮಂದಿ ಪ್ರಾಣ ಬಿಟ್ಟರು. ಕೂಲಿಯವನ ಕಣ್ಣಿಗೆ ಬಿದ್ದುದು ಬಲ್ಲವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ 41-ಎಚ್ ಎಂಬ ಕಲಮು ಸೇರಿತು. ಅಪಾಯಕರವಾದ ಕಾರ್ಖಾನೆಗಳಲ್ಲಿ ಪ್ರಾಣಭಯವು ಸನ್ನಿಹಿತವೆಂದು ತೋರಿದರೆ ಕೆಲಸಗಾರರು ಮಾಲೀಕನಿಗೂ ಅದೇ ಕಾಲಕ್ಕೆ ಇನ್ಸ್‌ಪೆಕ್ಟರಿಗೂ ತಿಳಿಸಬಹುದು; ಮಾಲೀಕನು ಒಪ್ಪದಿದ್ದರೆ ಇನ್ಸ್‌ಪೆಕ್ಟರನ ತೀರ್ಮಾನವೇ ಅಂತಿಮ ಎಂದು ಅದು ವಿಧಿಸಿತು. 2020ರ ಸಂಹಿತೆಯ 14ನೆಯ ಕಲಮೂ ಬಹುಮಟ್ಟಿಗೆ ಇದೇ ಮಾತನ್ನು ಹೇಳುತ್ತದೆ. ಆದರೆ ತಿಳಿಸಿದವನನ್ನು ಕೆಲಸದಿಂದ ತೆಗೆಯಕೂಡದೆಂಬ ಮಾತು ಈ ಕಲಮುಗಳಲ್ಲಿಲ್ಲ. ತೀರ್ಮಾನ ಬರುವತನಕ ಅವನು ಅಪಾಯದಿಂದ ದೂರ ನಿಲ್ಲಬಹುದೆಂದೂ ಇಲ್ಲ. ಸಕಾರಣವಾಗಿ ಪ್ರಾಣಾಪಾಯವನ್ನು ಶಂಕಿಸಿ ಹಿಂದೆ ಸರಿದವನಿಗೆ ಕೇಡು ತಟ್ಟದಂತೆ ರಕ್ಷಣೆ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 155ನೆಯ ಒಡಂಬಡಿಕೆಯು 1981ರಲ್ಲಿಯೇ ಸಾರಿದ್ದಿತು. ನಾಲಗೆಯನ್ನು ಬಿಡಿಸಿ ಹೊಟ್ಟೆಯ ಮೇಲೆ ಹೊಡೆಯಲು ಅವಕಾಶವಿಟ್ಟರೆ, ಆ ನಾಲಗೆಯು ಆಡುವುದೆಂತು? ಹೆಂಡಿರುಮಕ್ಕಳ ಅನ್ನವನ್ನು ಪಣವಿಟ್ಟು ಸತ್ಯವನ್ನು ಹೇಳೆಂದು ಬಡವನಿಗೆ ಬೋಧಿಸುವುದು ಧರ್ಮವಲ್ಲ.

ಸೋಮಾರಿಗಳು ಇದನ್ನು ನೆವಮಾಡಿಕೊಳ್ಳುವರೆಂದು ಕೆಲವರ ಆಕ್ಷೇಪ. ನೆವವೋ ನಿಜವೋ ಎಂದು ನೋಡುವುದಕ್ಕೇ ಇನ್ಸ್‌ಪೆಕ್ಟರನಿರುವನು. ಸುಳ್ಳು ಕೂಗಿನಿಂದ ಒಂದು ದಿನದ ಕೆಲಸ ಕೆಟ್ಟೀತು; ಅಡಗಿಸಿದ ನಿಜದ ಕೂಗಿನಿಂದ ಒಂದು ಪಟ್ಟಣವೇ ಕೆಟ್ಟಿತು.

ಎಚ್ಚರಿಸಿದವನ ಅನ್ನಕ್ಕೆ ಕಾಯಿದೆಯು ಕಾವಲು ನಿಲ್ಲಲಿ. ಅಲ್ಲಿಯವರೆಗೆ ಅವನ ಹಕ್ಕು ಕಾಗದದ ಹಕ್ಕೇ ಸರಿ.